ಅಬರ್ಡೀನ್‌ನಲ್ಲಿ ದೊಡ್ಡಪತ್ರೆ

ಅಬರ್ಡೀನ್, ಸ್ಕಾಟ್ಲೆಂಡ್
10 ನವೆಂಬರ್ 2024

ಹೊಸನಗರದ ಅಣ್ಣ ಪದ್ಮಣ್ಣನಿಗೆ ಪ್ರಭಾವತಿಯ ಜೈ ಜಿನೇಂದ್ರ.

ನಾನು ಇಲ್ಲಿಗೆ ಬಂದು ಐದು ವಾರವಾಯಿತು. ತಲುಪಿದ ಕೂಡಲೇ ಬರೆಯುತ್ತೇನೆ ಎಂದು ಹೇಳಿ ಬಂದವಳು ಈಗ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ನಿನಗೆ ಫೋನಿನಲ್ಲಿ ಮಾತು ಕೇಳಿಸುವುದಿಲ್ಲ. ನಿನ್ನ ಸೊಸೆ ಮೇಘನಾ ನಡುವೆ ನಿಂತು ನನ್ನ ಮಾತನ್ನು ನಿನ್ನ ಕಿವಿಯಲ್ಲಿ ಕೂಗಿ ಹೇಳುವಾಗ ಅರ್ಧ ವಿಷಯ ದಾರಿಯಲ್ಲೇ ಬಿದ್ದುಹೋಗುತ್ತದೆ. ಕೆಲವು ಮಾತುಗಳನ್ನು ಕೂಗಿ ಹೇಳಲೂ ಆಗುವುದಿಲ್ಲ. ಅದಕ್ಕೆ ಕಾಗದ. ದಿನವೂ ಡೈರಿ ಬರೆಯುವ ಅಭ್ಯಾಸ ನನಗೆ ಇದ್ದೇ ಇದೆ, ಅದರಿಂದಲೇ ಎತ್ತಿ ಬರೆಯುತ್ತಿದ್ದೇನೆ.

ಸಮತಾ ಹೇಗಿದ್ದಾಳೆ ಎಂದು ನೀನು ಮೊದಲು ಕೇಳುತ್ತೀಯ. ವಿಮಾನ ನಿಲ್ದಾಣಕ್ಕೆ ಅವಳೂ ಬಂದಿದ್ದಳು. ಜಿನೇಶ್ ಕೈ ಬೀಸಿದ್ದರಿಂದ ಅಳಿಯನ ಗುರುತು ಸಿಕ್ಕಿತು, ಅವನ ಪಕ್ಕದಲ್ಲಿ ಕೂತಿದ್ದವಳು ನನ್ನ ಮಗಳು ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಹನ್ನೊಂದು ವರ್ಷ ನರ್ಸ್ ಆಗಿ ಕೆಲಸ ಮಾಡಿದ ಆಸ್ಪತ್ರೆಗೇ ಈಗ ರೋಗಿಯಾಗಿ ಹೋಗಿಬರುತ್ತಿದ್ದಾಳೆ. ಹೊಟ್ಟೆಯ ಕ್ಯಾನ್ಸರ್. ಎರಡು ಸುತ್ತು ಔಷಧಿ ಕೊಟ್ಟಾಗಿದೆ. ಮೂರನೆಯ ಸುತ್ತನ್ನು ತಡೆದುಕೊಳ್ಳುವ ಶಕ್ತಿ ಈಗ ಮೈಯಲ್ಲಿ ಇಲ್ಲ, ಮೂವತ್ತೆಂಟು ಕೇಜಿ ಇರುವವಳು ನಲವತ್ತೆರಡಕ್ಕೆ ಬಂದರೆ ಕೊಡುತ್ತೇವೆ, ಇಲ್ಲದಿದ್ದರೆ ನೋವು ಕಡಿಮೆ ಮಾಡುವುದೊಂದೇ ಉಳಿದ ದಾರಿ ಎಂದು ಡಾಕ್ಟರು ಹೇಳಿದ್ದಾರೆ. ಬೇಕಾಗಿರುವುದು ನಾಲ್ಕು ಕೇಜಿ. ತೀರ್ಥಹಳ್ಳಿ ಸಂತೆಯಿಂದ ಅಷ್ಟು ಭಾರದ ಚೀಲವನ್ನು ಒಂದು ಕೈಯಲ್ಲಿ ಹಿಡಿದು ಮನೆಗೆ ಬರುತ್ತಿದ್ದೆ.

ಅವಳಿಗೆ ಇಲ್ಲಿಯ ಊಟದ ವಾಸನೆಯೇ ಆಗುವುದಿಲ್ಲ. ಮನೆಯದಾದರೆ ಎರಡು ತುತ್ತು ಹೋಗುತ್ತದೆ. ಹಾಗಾಗಿ ಊರಿನ ಸಾಮಾನು ಹುಡುಕಿಕೊಂಡು ತಿರುಗುವುದೇ ನನ್ನ ಕೆಲಸ. ಜಿನೇಶ್ ಔಷಧಿಯ ಗೋದಾಮಿನಲ್ಲಿ ಕೆಲಸಕ್ಕಿದ್ದಾನೆ, ಇದ್ದ ರಜೆಯೆಲ್ಲ ಮುಗಿದಿದೆ. ಮೊದಲ ವಾರ ಬಸ್ಸಿನಲ್ಲಿ ಎರಡು ಸಲ ನನ್ನ ಜೊತೆ ಬಂದು ದಾರಿ ತೋರಿಸಿದ. ಬಸ್ಸಿನ ನಂಬರನ್ನೂ ಇಳಿಯುವ ಜಾಗದ ಗುರುತನ್ನೂ ಕನ್ನಡದಲ್ಲಿ ಬರೆದು ನನ್ನ ಪರ್ಸಿನಲ್ಲಿ ಇಟ್ಟ. ಆಮೇಲಿಂದ ನಾನೊಬ್ಬಳೇ.

ಇಲ್ಲಿಯ ದೊಡ್ಡ ಅಂಗಡಿಗಳಲ್ಲಿ ಅರ್ಧ ಭಾಗ ಮಾಂಸ ಮೀನು, ಅತ್ತ ತಿರುಗದೆ ನಡೆಯುತ್ತೇನೆ. ತರಕಾರಿಯ ಕಡೆ ಬಂದರೆ ಈರುಳ್ಳಿ, ಆಲೂಗಡ್ಡೆ, ಗಜ್ಜರಿ, ಬೀಟ್‌ರೂಟ್, ಹೆಸರು ಗೊತ್ತಿಲ್ಲದ ಇನ್ನೂ ಐದಾರು ಗೆಡ್ಡೆಗಳು. ಮಣ್ಣಿನೊಳಗೆ ಬೆಳೆದದ್ದನ್ನೆಲ್ಲ ಬಿಟ್ಟರೆ ಈ ಚಳಿಯಲ್ಲಿ ನಮಗೆ ಉಳಿಯುವುದು ಕೋಸು ಮತ್ತು ಬೀನ್ಸ್. ಹಡಗುಕಟ್ಟೆಯ ಹತ್ತಿರ ಒಬ್ಬ ಮಲಯಾಳಿಯ ಅಂಗಡಿ ಇದೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವನು ಅವನ ಭಾಷೆಯಲ್ಲಿ ಹೇಳುತ್ತಾನೆ, ಆಮೇಲೆ ಇಬ್ಬರೂ ಬೆರಳು ತೋರಿಸುತ್ತೇವೆ. ಈರುಳ್ಳಿ ಬೇಡ, ಬೆಳ್ಳುಳ್ಳಿ ಬೇಡ, ಆಲೂಗಡ್ಡೆ ಬೇಡ, ಮೀನು ಬೇಡ, ಮತ್ತೆ ಈ ಅಮ್ಮ ನನ್ನ ಅಂಗಡಿಗೆ ಯಾಕೆ ಬರುತ್ತಾರೆ ಎಂದು ಜಿನೇಶನ ಹತ್ತಿರ ಕೇಳಿದನಂತೆ. ಕೆಂಪು ಕುಚ್ಚಲಕ್ಕಿ, ಮಂಜುಗಟ್ಟಿಸಿದ ಕಾಯಿತುರಿ, ಬಾಳೆಕಾಯಿ ಅಲ್ಲಿ ಸಿಗುತ್ತವೆ. ಮೊದಲ ದಿನ ಬಾಳೆಕಾಯಿ ಕಂಡಾಗ ನೆಂಟರ ಮುಖ ಕಂಡ ಹಾಗಾಯಿತು. ಅಲ್ಲೇ ನಿಂತು ಕಣ್ಣು ಒರೆಸಿಕೊಂಡೆ. ಅವನು ಕುಡಿಯಲು ಬಿಸಿನೀರು ತಂದುಕೊಟ್ಟ.

ಇನ್ನು ಹೊತ್ತಿನ ವಿಷಯ. ಅಕ್ಟೋಬರ್ ಕೊನೆಯಲ್ಲಿ ಈ ದೇಶದವರು ಗಡಿಯಾರವನ್ನೇ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಹಿಂದಿನ ದಿನ ಐದೂವರೆಗೆ ಮುಳುಗುತ್ತಿದ್ದ ಹೊತ್ತು ಮಾರನೆ ದಿನ ನಾಲ್ಕೂವರೆಗೆ ಮುಳುಗಿತು. ಇವತ್ತು ನಾಲ್ಕು ಗಂಟೆ ಐದು ನಿಮಿಷಕ್ಕೆ. ದಿನವೂ ಜಿನೇಶನ ಹತ್ತಿರ ಕೇಳಿ ಡೈರಿಯಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಬೆಳಿಗ್ಗೆ ಬೆಳಕು ಬರುವುದೂ ತಡ. ಇಷ್ಟರ ನಡುವೆ ಅವಳಿಗೆ ಮೂರು ಸಲ ತಿನ್ನಿಸಬೇಕು. ಸಮತಾ ನಗುತ್ತಾಳೆ. ‘ಅಮ್ಮಾ, ಇಲ್ಲಿ ಸೂರ್ಯ ಸರ್ಕಾರಿ ನೌಕರ. ಲೇಟಾಗಿ ಬಂದು ಬೇಗ ಹೋಗ್ತಾನೆ. ಜೂನ್ ತಿಂಗಳಲ್ಲಿ ಬಾ, ರಾತ್ರಿ ಹತ್ತರ ತನಕ ತಿನ್ಬಹುದು’ ಎಂದಳು. ಜೂನ್ ತಿಂಗಳ ಮಾತು ಅವಳ ಬಾಯಲ್ಲಿ ಬಂದದ್ದಕ್ಕೇ ನನಗೆ ಸಮಾಧಾನ.

ಹುಂಚದಲ್ಲಿ ಮುನಿಗಳ ಎದುರು, ಹೊತ್ತು ಮುಳುಗಿದ ಮೇಲೆ ಏನೂ ತಿನ್ನುವುದಿಲ್ಲ ಎಂದು ರಾತ್ರಿಭೋಜನ ಬಿಡುವ ನಿಯಮ ತೆಗೆದುಕೊಂಡಾಗ ಅವಳಿಗೆ ಹದಿಮೂರು. ಅವಳ ಪಕ್ಕದಲ್ಲಿ ನಿಂತಿದ್ದವನು ನೀನು. ಇಪ್ಪತ್ತನಾಲ್ಕು ವರ್ಷವಾಯಿತು. ಡಾಕ್ಟರು ಯಾವ ಹೊತ್ತಿಗಾದರೂ ಸರಿ, ಕೇಳಿದ್ದನ್ನು ಕೊಡಿ ಎನ್ನುತ್ತಾರೆ. ರೋಗಿಗೆ ವಿನಾಯಿತಿ ಇದೆ, ಆದರೆ ಉಳಿಸಿಕೊಂಡರೆ ಅವಳಿಗೇ ಪುಣ್ಯ ಎಂದು ಮೇಘನಾಳ ಬಾಯಲ್ಲಿ ನೀನು ಹೇಳಿಸಿದೆ. ಅವಳು ವಿನಾಯಿತಿಯ ಮಾತೇ ಎತ್ತಿಲ್ಲ. ಹೊತ್ತಿಗೆ ಮುಂಚೆ ತಾನೇ ತಟ್ಟೆ ಕೇಳುತ್ತಾಳೆ. ನನಗೆ ಹೆಮ್ಮೆ ಅನಿಸುತ್ತದೆ.

ಅತ್ತಿಗೆಯ ಮೊಣಕಾಲು ಹೇಗಿದೆ? ತೀರ್ಥಹಳ್ಳಿಯ ನನ್ನ ಮನೆಗೆ ಯಾರಾದರೂ ಹೋದರೆ ಹೊಲಿಗೆ ಮಿಷನ್ನಿನ ಮೇಲೆ ಬಟ್ಟೆ ಮುಚ್ಚಿದೆಯೇ ನೋಡಲು ಹೇಳು. ಬಸದಿಗೆ ಹೋದಾಗ ಇವಳ ಹೆಸರಿನಲ್ಲಿ ಒಂದು ಪೂಜೆ ಮಾಡಿಸು.

ನಿನ್ನ ತಂಗಿ
ಪ್ರಭಾವತಿ

ಮರೆತಿದ್ದೆ: ಮೂವತ್ತೆಂಟೂವರೆ ಆಗಿದೆ.


ಅಬರ್ಡೀನ್
2 ಡಿಸೆಂಬರ್ 2024

ಅಣ್ಣನಿಗೆ ಪ್ರಭಾವತಿಯ ನಮಸ್ಕಾರ.

ನಿನ್ನ ಕಾಗದ ಬಂತು. ಎರಡು ಸಾಲು ಬರೆದರೂ ನಿನ್ನ ಅಕ್ಷರ ನೋಡಿದರೆ ಧೈರ್ಯ ಬರುತ್ತದೆ. ಕೂಡಲೇ ಉತ್ತರಿಸಲು ಆಗಲಿಲ್ಲ. ಸಮತಾಳನ್ನು ಆಸ್ಪತ್ರೆಗೆ ಸೇರಿಸಿ ಹನ್ನೆರಡು ದಿನವಾಯಿತು. ಜ್ವರ ಬಂದು ನಾಲ್ಕು ದಿನ ನೀರನ್ನು ಬಿಟ್ಟು ಏನೂ ಒಳಗೆ ಹೋಗಲಿಲ್ಲ. ನಲವತ್ತರ ಹತ್ತಿರಕ್ಕೆ ತಂದಿದ್ದೆ ಅಣ್ಣ. ಈಗ ಮತ್ತೆ ಮೂವತ್ತೇಳು.

ನನ್ನದೊಂದು ತಪ್ಪನ್ನೂ ಹೇಳಬೇಕು. ಅವಳು ಇನ್ನೂ ಮನೆಯಲ್ಲಿದ್ದಾಗ ಮೊಸರಿಗೆಂದು ಅಂಗಡಿಯಲ್ಲಿ ಹಸುವಿನ ಚಿತ್ರ ಇದ್ದ ಬಿಳಿ ಡಬ್ಬಿ ತಂದಿದ್ದೆ. ಅನ್ನದ ಜೊತೆ ಕಲಸಿ ಕೊಟ್ಟೆ, ಚೆನ್ನಾಗಿದೆ ಎಂದು ಐದಾರು ಚಮಚ ತಿಂದಳು. ಸಂಜೆ ಜಿನೇಶ್ ಬಂದು ಡಬ್ಬಿಯ ಮೇಲಿದ್ದುದನ್ನು ಓದಿ ಹೇಳಿದ. ಗಟ್ಟಿಯಾಗಲು ಅದಕ್ಕೆ ಪ್ರಾಣಿಯ ಮೂಳೆಯಿಂದ ತೆಗೆದ ಏನನ್ನೋ ಹಾಕಿದ್ದರಂತೆ. ಮೊಸರಿಗೂ ಅದನ್ನು ಹಾಕುತ್ತಾರೆಂದು ಯಾರಿಗೆ ಗೊತ್ತು? ನಾನು ಅಳುತ್ತ ಕೂತೆ. ಸಮತಾ ನನ್ನ ಕೈ ಹಿಡಿದು, ‘ತಿಳಿಯದೆ ತಿಂದಿದ್ದಕ್ಕೆ ಪ್ರಾಯಶ್ಚಿತ್ತ ಇದೆ ಅಂತ ಮಾವನೇ ಹೇಳ್ತಾರಲ್ಲಮ್ಮ. ನಂದೂ ನಿಂದೂ ಇಬ್ಬರದ್ದೂ ಸೇರಿಸಿ ಅವರ ಕೈಲೇ ಮಾಡಿಸ್ಬಿಡು’ ಎಂದಳು. ಆಮೇಲಿಂದ ಹಾಲು ತಂದು ಮನೆಯಲ್ಲೇ ಹೆಪ್ಪು ಹಾಕುತ್ತಿದ್ದೇನೆ. ಚಳಿಗೆ ಮೊಸರಾಗುವುದಿಲ್ಲ. ನೀರು ಕಾಯಿಸುವ ಯಂತ್ರದ ಕಪಾಟಿನಲ್ಲಿ, ನನ್ನ ಉಣ್ಣೆ ಶಾಲು ಸುತ್ತಿ ಇಡುತ್ತೇನೆ.

ದಿನವೂ ಬೆಳಿಗ್ಗೆ ಅಡುಗೆ ಮಾಡಿ ಹತ್ತರ ಬಸ್ಸಿಗೆ ಆಸ್ಪತ್ರೆಗೆ ಹೋಗುತ್ತೇನೆ. ಹನ್ನೊಂದಕ್ಕೊಂದು ಸಲ, ಒಂದೂವರೆಗೊಂದು ಸಲ, ಮೂರಕ್ಕೊಂದು ಸಲ ಕೊಡುತ್ತೇನೆ. ಗಂಜಿ, ಬಾಳೆಕಾಯಿ ಪಲ್ಯದ ಮೆತ್ತಗಿನ ಭಾಗ, ನೀರು ಮಜ್ಜಿಗೆ. ಮೂರೂವರೆಗೆ ಕತ್ತಲಾಗುತ್ತದೆ. ಐದಕ್ಕೆ ಜಿನೇಶ್ ಕೆಲಸ ಮುಗಿಸಿ ಬರುತ್ತಾನೆ, ನಾನು ಮನೆಗೆ ಹೊರಡುತ್ತೇನೆ. ಆ ಹೊತ್ತಿಗೆ ವಾರ್ಡಿನವರಿಗೆಲ್ಲ ಊಟ ಬರುತ್ತದೆ. ಇವಳ ಹಾಸಿಗೆಯನ್ನು ದಾಟಿಕೊಂಡು ಊಟದ ಗಾಡಿ ಮುಂದೆ ಹೋಗುತ್ತದೆ. ಕೈಗೆ ಹಾಕಿದ ಡ್ರಿಪ್ ಮಾತ್ರ ಹಗಲೂ ರಾತ್ರಿಯೂ ಇಳಿಯುತ್ತಿರುತ್ತದೆ. ಅದು ಊಟವಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ.

ಮೊನ್ನೆ ಅವಳು ಕಣ್ಣು ಮುಚ್ಚಿಕೊಂಡೇ, ದೊಡ್ಡಪತ್ರೆ ತಂಬುಳಿ ಇದ್ದರೆ ಒಂದು ಬಟ್ಟಲು ಅನ್ನ ತಿನ್ನುತ್ತಿದ್ದೆ ಎಂದಳು. ಬಾಯಿಬಿಟ್ಟು ಇಂಥದ್ದು ಬೇಕು ಎಂದು ಅವಳು ಹೇಳಿದ್ದು ಇದೇ ಮೊದಲು. ಮನೆಯಲ್ಲಾಗಿದ್ದರೆ ಬಚ್ಚಲ ಪಕ್ಕದಿಂದ ಕಿತ್ತು ತರುತ್ತಿದ್ದೆ. ಇಲ್ಲಿ ಮೂರು ದಿನ ಹುಡುಕಿದೆ. ಮಲಯಾಳಿಗೆ ಎಲೆಯ ಚಿತ್ರ ಬರೆದು ತೋರಿಸಿದೆ, ಅವನಿಗೆ ಗೊತ್ತಾಯಿತು, ಅವನ ಕಡೆ ಮಕ್ಕಳ ನೆಗಡಿಗೆ ಕೊಡುತ್ತಾರಂತೆ. ಆದರೆ ಅಂಗಡಿಗೆ ಬರುವುದಿಲ್ಲ. ಯಾರಾದರೂ ಮನೆಯ ಕಿಟಕಿಯಲ್ಲಿ ಕುಂಡದಲ್ಲಿ ಬೆಳೆಸಿದ್ದರೆ ಉಂಟು, ಕೇಳಿ ನೋಡುತ್ತೇನೆ ಎಂದಿದ್ದಾನೆ. ಒಳ್ಳೆಯ ಮನುಷ್ಯ.

ಈ ಕಾಗದವನ್ನು ಅವಳ ಹಾಸಿಗೆಯ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಮಾವನಿಗೆ ಏನು ಬರೆಯುತ್ತಿದ್ದೀಯ ಎಂದು ಕೇಳಿದಳು. ನೀನು ಹೊತ್ತಿಗೆ ಸರಿಯಾಗಿ ಊಟ ಮುಗಿಸುತ್ತೀಯ ಎಂದು ಬರೆದೆ ಎಂದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ‘ಬರಿ ಬರಿ’ ಎಂದು ಆಚೆ ತಿರುಗಿ ಮಲಗಿದಳು.

ನಿನ್ನ ಆಶೀರ್ವಾದ ಇರಲಿ.

ಪ್ರಭಾವತಿ


ಅಬರ್ಡೀನ್
23 ಡಿಸೆಂಬರ್ 2024

ಅಣ್ಣ,

ಮೇಘನಾಳಿಂದ ನಿನಗೆ ವಿಷಯ ತಿಳಿದಿದೆ. ಹತ್ತೊಂಬತ್ತನೆಯ ತಾರೀಕು ಬೆಳಿಗ್ಗೆ ಸಮತಾ ಹೋದಳು. ನಾನು ಕಿವಿಯಲ್ಲಿ ಣಮೋಕಾರ ಮಂತ್ರ ಹೇಳುತ್ತಿದ್ದೆ. ಎಷ್ಟನೆಯ ಸಲ ಹೇಳುವಾಗ ಉಸಿರು ನಿಂತಿತು ಎಂದು ನನಗೆ ತಿಳಿಯಲಿಲ್ಲ. ನರ್ಸ್ ಬಂದು ನನ್ನ ಭುಜ ಮುಟ್ಟಿದ ಮೇಲೆ ನಿಲ್ಲಿಸಿದೆ. ಇವತ್ತು ಬೆಳಿಗ್ಗೆ ದಹನವಾಯಿತು. ಇಲ್ಲಿ ಎಲ್ಲವೂ ಒಂದು ಪರದೆಯ ಹಿಂದೆ ಆಗುತ್ತದೆ. ಮನೆಗೆ ಬಂದು ಸ್ನಾನ ಮಾಡಿ ಬರೆಯಲು ಕೂತಿದ್ದೇನೆ. ಬೇರೆ ಏನು ಮಾಡುವುದೆಂದು ಗೊತ್ತಾಗುತ್ತಿಲ್ಲ.

ನಡೆದದ್ದನ್ನೆಲ್ಲ ನಿನಗೆ ಹೇಳಬೇಕು.

ಹದಿನಾರರಂದು ಮಲಯಾಳಿ ಜಿನೇಶನಿಗೆ ಫೋನ್ ಮಾಡಿದ. ಡಂಡಿ ಎಂಬ ಊರಿನಲ್ಲಿ ಕರ್ನಾಟಕದವರ ಮನೆಯೊಂದರಲ್ಲಿ ದೊಡ್ಡಪತ್ರೆ ಇದೆ ಎಂದು ಯಾರೋ ಹೇಳಿದರಂತೆ. ವಿಚಾರಿಸಿದರೆ ಅವಳು ಸಾಗರದ ಹುಡುಗಿ, ಹೆಸರು ಸುಮನಾ, ಹೆಗ್ಗೋಡಿನ ಹತ್ತಿರ ತಾಯಿಮನೆ. ಮಾರನೆ ದಿನ ಎಂಟು ಗಂಟೆಗೆ, ಇನ್ನೂ ಕತ್ತಲಿರುವಾಗ, ಜಿನೇಶ್ ನನ್ನನ್ನು ರೈಲು ಹತ್ತಿಸಿ ಕೆಲಸಕ್ಕೆ ಹೋದ. ರೈಲಿನಲ್ಲಿ ಒಂದೂಕಾಲು ಗಂಟೆಯ ದಾರಿ. ಸುಮನಾ ಕಂಕುಳಲ್ಲಿ ಮಗುವನ್ನು ಎತ್ತಿಕೊಂಡು ಸ್ಟೇಷನ್ನಿಗೇ ಬಂದಿದ್ದಳು.

ಅವಳ ಅಡುಗೆಮನೆಯ ಕಿಟಕಿಯಲ್ಲಿ ಐಸ್‌ಕ್ರೀಮ್ ಡಬ್ಬಿಯಲ್ಲಿ ಗಿಡ ಇತ್ತು. ಬೆಳಕಿಲ್ಲದೆ ಸಣಕಲಾಗಿ, ಎಲೆಗಳು ಹೆಬ್ಬೆರಳಿನಷ್ಟು ಸಣ್ಣಕ್ಕೆ ಇದ್ದವು. ಮುಟ್ಟಿದ ಕೂಡಲೇ ಅದೇ ಪರಿಮಳ. ಹನ್ನೆರಡು ಎಲೆ ಸಾಕು ಎಂದೆ. ‘ಎಂತ ಅಮ್ಮ ನೀವು, ಅಷ್ಟು ದೂರದಿಂದ ಬಂದು ಲೆಕ್ಕ ಮಾಡ್ತೀರಿ. ಗಿಡಾನೇ ತಗೊಂಡು ಹೋಗಿ’ ಎಂದು ಅವಳು ಡಬ್ಬಿಯನ್ನೇ ಎತ್ತಿಕೊಡಲು ಬಂದಳು. ನಾನು ಒಪ್ಪಲಿಲ್ಲ, ಅವಳಿಗೂ ಮಗುವಿದೆ. ಊಟ ಮಾಡಿಕೊಂಡೇ ಹೋಗಬೇಕು ಎಂದು ಹಟ ಹಿಡಿದಳು. ನನಗಾಗಿ ಈರುಳ್ಳಿ ಹಾಕದೆ ತೆಳ್ಳೇವು ದೋಸೆ ಹುಯ್ದಳು. ಬಿಟ್ಟು ಎದ್ದು ಬರಲು ಮನಸ್ಸಾಗಲಿಲ್ಲ. ಎರಡು ತಿಂಗಳಿಂದ ಕನ್ನಡದಲ್ಲಿ ಯಾರೂ ನನ್ನನ್ನು ಹಾಗೆ ಕೂರಿಸಿಕೊಂಡು ಬಡಿಸಿರಲಿಲ್ಲ. ಹನ್ನೊಂದರ ರೈಲು ತಪ್ಪಿತು. ಮುಂದಿನದು ಹನ್ನೆರಡಕ್ಕೆ.

ಮನೆ ಸೇರುವಾಗ ಎರಡು ಗಂಟೆ ಹತ್ತಿರವಾಗಿತ್ತು. ಅಕ್ಕಿ ಮೆತ್ತಗೆ ಬೇಯಬೇಕು. ಕಾಯಿತುರಿ ಕಲ್ಲಿನ ಹಾಗಿತ್ತು, ಬಿಸಿನೀರಿನಲ್ಲಿ ಇಟ್ಟು ಕರಗಿಸಿದೆ. ಎಲೆಯನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ನಾಲ್ಕು ಕಾಳುಮೆಣಸು, ಕಾಯಿ ಸೇರಿಸಿ ರುಬ್ಬಿ ಮಜ್ಜಿಗೆ ಬೆರೆಸಿದೆ. ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಬಸ್ ನಿಲ್ದಾಣಕ್ಕೆ ಓಡಿದೆ. ಆವತ್ತು ಹೊತ್ತು ಮುಳುಗುವುದು ಮೂರು ಇಪ್ಪತ್ತಾರಕ್ಕೆ ಎಂದು ಬೆಳಿಗ್ಗೆಯೇ ಬರೆದಿಟ್ಟುಕೊಂಡಿದ್ದೆ. ಬಸ್ಸಿನ ಕಿಟಕಿಯಲ್ಲಿ ಬೀದಿದೀಪ ಹತ್ತಿದ್ದು ಕಂಡಿತು. ವಾರ್ಡಿಗೆ ಕಾಲಿಟ್ಟಾಗ ಗೋಡೆಯ ಗಡಿಯಾರದಲ್ಲಿ ಮೂರು ನಲವತ್ತು.

ಮುಚ್ಚಳ ತೆರೆದು ಅವಳಿಗೆ ವಾಸನೆ ತೋರಿಸಿದೆ. ಅವಳ ಮುಖ ಹೇಗಾಯಿತು ಎಂದು ಬರೆಯಲು ನನಗೆ ಬರುವುದಿಲ್ಲ. ಕೈ ಊರಿ ಎದ್ದು ಕೂರಲು ನೋಡಿದಳು.

‘ಎರಡು ತುತ್ತು ಕೊಡಮ್ಮ’ ಎಂದಳು.

ನಾನು ಕಿಟಕಿ ನೋಡಿದೆ. ಹೊರಗೆ ಕತ್ತಲೆ. ‘ಹೊತ್ತು ಮುಳುಗಿ ಹೋಯ್ತಲ್ಲ ಮಗಾ. ಬೆಳಿಗ್ಗೆ ಬೆಳಕಾದ ಕೂಡ್ಲೆ ಕೊಡ್ತೀನಿ’ ಎಂದೆ.

ಅವಳು ಡಬ್ಬಿಯನ್ನು ನೋಡಿದಳು, ನನ್ನನ್ನು ನೋಡಿದಳು. ‘ಆಯ್ತಮ್ಮ. ಬೆಳಿಗ್ಗೇನೇ ತಿಂತೀನಿ’ ಎಂದು ಮತ್ತೆ ಒರಗಿಕೊಂಡಳು.

ಡಬ್ಬಿಯನ್ನು ವಾರ್ಡಿನ ಫ್ರಿಜ್ಜಿನಲ್ಲಿ ಇಡಿಸಿದೆ. ಇಲ್ಲಿ ಹೊತ್ತು ಹುಟ್ಟುವುದು ಎಂಟೂ ಮುಕ್ಕಾಲಿಗೆ. ಏಳಕ್ಕೇ ಆಸ್ಪತ್ರೆಯಿಂದ ಫೋನ್ ಬಂತು. ರಕ್ತಕ್ಕೆ ನಂಜೇರಿ ಜ್ಞಾನ ತಪ್ಪಿತ್ತು. ನಾನು ಹೋದಾಗ ಬಾಯಿಗೆ ಆಕ್ಸಿಜನ್ ಮಾಸ್ಕ್ ಹಾಕಿದ್ದರು. ಆಮೇಲೆ ಕಣ್ಣು ತೆರೆಯಲಿಲ್ಲ.

ಕೊನೆಯವರೆಗೂ ನಿಯಮ ಬಿಡಲಿಲ್ಲ ಅಣ್ಣ. ಅಷ್ಟು ಆಸೆಪಟ್ಟ ಪದಾರ್ಥ ಕಣ್ಣೆದುರು ಇದ್ದರೂ ಬೆಳಿಗ್ಗೆ ಎಂದಳು. ಆ ಗಟ್ಟಿತನ ಎಷ್ಟು ಜನಕ್ಕೆ ಇರುತ್ತದೆ? ನೀನು ಅವಳನ್ನು ಕೈ ಹಿಡಿದು ಕರೆದುಕೊಂಡು ಹೋಗಿ ಕೊಡಿಸಿದ್ದನ್ನು ಅವಳು ಹಾಗೇ ಉಳಿಸಿಕೊಂಡು ಹೋದಳು. ಈ ಒಂದನ್ನು ಹಿಡಿದುಕೊಂಡು ನಾನು ಇವತ್ತಿನ ದಿನ ಕಳೆಯುತ್ತಿದ್ದೇನೆ.

ಪ್ರಭಾವತಿ


ಅಬರ್ಡೀನ್
23 ಜನವರಿ 2025

ಅಣ್ಣನಿಗೆ ಪ್ರಭಾವತಿಯ ನಮಸ್ಕಾರ. ಅತ್ತಿಗೆಗೆ, ಮೇಘನಾಳಿಗೆ, ಮಕ್ಕಳಿಗೆ ನೆನಪುಗಳು.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಬರೆಯಲು ಕೂತರೆ ಕೈ ಮುಂದೆ ಹೋಗುತ್ತಿರಲಿಲ್ಲ. ಡೈರಿಯನ್ನೂ ಬಿಟ್ಟಿದ್ದೇನೆ. ಕ್ಷಮಿಸು.

ಫೆಬ್ರವರಿ ಕೊನೆಯ ವಾರಕ್ಕೆ ಟಿಕೆಟ್ ಆಗಿದೆ. ಜಿನೇಶನೂ ನನ್ನ ಜೊತೆ ಬರುತ್ತಾನೆ, ಹದಿನೈದು ದಿನ ಇರುತ್ತಾನೆ. ಅವನು ತುಂಬ ಇಳಿದುಹೋಗಿದ್ದಾನೆ. ಕೆಲಸಕ್ಕೆ ಹೋಗುತ್ತಾನೆ, ಬರುತ್ತಾನೆ, ಅವಳ ಕುರ್ಚಿಯಲ್ಲಿ ಕೂರುವುದಿಲ್ಲ, ನನ್ನನ್ನೂ ಕೂರಲು ಬಿಡುವುದಿಲ್ಲ. ಅವನು ನಿನ್ನ ಮನೆಗೆ ಬಂದಾಗ ಸಮಾಧಾನದ ಮಾತು ಜಾಸ್ತಿ ಹೇಳಬೇಡ, ಸುಮ್ಮನೆ ತೋಟದ ಕಡೆ ಕರೆದುಕೊಂಡು ಹೋಗು.

ಅವಳ ಆಸ್ಪತ್ರೆಯ ಹುಡುಗಿಯರು ನಾಲ್ಕು ಜನ ಬಂದಿದ್ದರು. ಏನು ಮಾತಾಡಿದರೋ ನನಗೆ ತಿಳಿಯಲಿಲ್ಲ, ಒಬ್ಬಳು ನನ್ನನ್ನು ತಬ್ಬಿಕೊಂಡು ಅತ್ತಳು. ಅಡುಗೆಮನೆಯನ್ನು ಖಾಲಿ ಮಾಡುತ್ತಿದ್ದೇನೆ. ನಾನು ಕೂಡಿಹಾಕಿದ ಕುಚ್ಚಲಕ್ಕಿ ಇನ್ನೂ ಅರ್ಧ ಚೀಲ ಇತ್ತು. ಅದನ್ನೂ ಮಂಜಿನ ಕಾಯಿತುರಿಯನ್ನೂ ಮಲಯಾಳಿಗೇ ವಾಪಸು ಕೊಟ್ಟು ಬಂದೆ. ಅವನು ತಲೆ ತಗ್ಗಿಸಿಕೊಂಡು ತೆಗೆದುಕೊಂಡ. ದೊಡ್ಡಪತ್ರೆ ಸಿಕ್ಕಿತೇ ಎಂದು ಕೈಸನ್ನೆಯಲ್ಲಿ ಕೇಳಿದ. ಸಿಕ್ಕಿತು ಎಂದು ತಲೆಯಾಡಿಸಿದೆ. ಅವನ ಮುಖ ಸ್ವಲ್ಪ ಅರಳಿತು. ಆಮೇಲೆ ಅಂಗಡಿಯಿಂದ ಹೊರಗೆ ಬರುವ ದಾರಿ ನನಗೆ ಕಾಣಲಿಲ್ಲ, ಬಾಗಿಲು ಬಿಟ್ಟು ಗೋಡೆಯ ಕಡೆ ಹೋದೆ. ಅವನೇ ಬಂದು ಕೈ ಹಿಡಿದು ಬಸ್ಸಿನ ತನಕ ಬಿಟ್ಟ.

ಮಾರ್ಚ್ ಮೊದಲ ವಾರ ಅವಳ ಹೆಸರಿನಲ್ಲಿ ಶಾಸ್ತ್ರದಾನ ಇಟ್ಟುಕೊಂಡಿದ್ದೀಯ ಎಂದು ತಿಳಿಯಿತು. ಸ್ತೋತ್ರದ ಪುಸ್ತಕ ಅಚ್ಚು ಹಾಕಿಸಿ ಹಂಚುವುದು ಒಳ್ಳೆಯದೇ. ನೀನು ತೀರ್ಥಹಳ್ಳಿಯ ಪ್ರೆಸ್ಸಿನಲ್ಲಿ ಕೂತು ಅಕ್ಷರ ಅಕ್ಷರ ತಿದ್ದುತ್ತಿದ್ದೀಯಂತೆ. ಮೇಘನಾ ಮೊದಲ ಪುಟದ ಫೋಟೊ ಕಳಿಸಿದ್ದಳು. ಸಮತಾಳ ಚಿತ್ರ, ಅದರ ಕೆಳಗೆ, ‘ಇಂಗ್ಲಿಷರ ನಾಡಿನಲ್ಲಿದ್ದರೂ ರಾತ್ರಿಭೋಜನ ತ್ಯಾಗದ ನಿಯಮವನ್ನು ಕೊನೆಯುಸಿರಿನವರೆಗೂ ಪಾಲಿಸಿದ ಪುಣ್ಯಾತ್ಮೆ.’ ನನ್ನ ಕಾಗದ ಓದಿ ನೀನು ಹಾಗೆ ಬರೆಸಿದ್ದೀಯ. ಬಸದಿಯಲ್ಲೂ ಓದಿ ಹೇಳುತ್ತೀಯಂತೆ.

ಆ ಸಾಲು ಬೇಡ ಅಣ್ಣ. ಹನ್ನೊಂದು ವರ್ಷ ನರ್ಸ್ ಆಗಿದ್ದಳು, ರೋಗಿಗಳನ್ನು ಚೆನ್ನಾಗಿ ನೋಡಿಕೊಂಡಳು ಎಂದು ಹಾಕಿಸು. ಅಚ್ಚಾಗಿದ್ದರೆ ಆ ಪುಟವನ್ನು ತೆಗೆಸು. ಖರ್ಚು ಏನಿದ್ದರೂ ಬಂದಮೇಲೆ ನಾನು ನೋಡಿಕೊಳ್ಳುತ್ತೇನೆ. ಮೇಘನಾಳ ಕೈಲಿ ಫೋನಿನಲ್ಲಿ ಇದನ್ನು ಕೇಳಿಸಬೇಡ, ಜಿನೇಶನ ಎದುರಿಗೆ ನಾನು ಏನೂ ಹೇಳಲಾರೆ.

ನಿನ್ನ ಆರೋಗ್ಯ ನೋಡಿಕೋ. ನಮ್ಮ ಮನೆಯ ಮಕ್ಕಳೆಲ್ಲ ನೂರು ವರ್ಷ ಬಾಳಲಿ, ಹೊಟ್ಟೆ ತುಂಬ ಉಂಡು ಬಾಳಲಿ.

ನಿನ್ನ ತಂಗಿ
ಪ್ರಭಾವತಿ

ವಿ. ಸೂ. ಕಾರಣ ಹೇಳದೆ ನೀನು ಒಪ್ಪುವವನಲ್ಲ. ಕಾಗದವನ್ನು ಅಂಟಿಸಿ ಎರಡು ದಿನ ಇಟ್ಟುಕೊಂಡಿದ್ದೆ. ಈಗ ಬಿಚ್ಚಿ ಈ ಹಾಳೆ ಸೇರಿಸುತ್ತಿದ್ದೇನೆ. ಇದನ್ನು ನೀನೊಬ್ಬನೇ ಓದು.

ಹೋದ ಭಾನುವಾರ ಅವಳು ಹೋಗಿ ಒಂದು ತಿಂಗಳು. ಸಂಜೆ ಐದೂವರೆ ಆಗಿತ್ತು, ಹೊತ್ತು ಮುಳುಗಿ ಗಂಟೆಯ ಮೇಲಾಗಿತ್ತು. ಜಿನೇಶ್ ಅಡುಗೆಮನೆಯಲ್ಲಿ ನಿಂತು ಬ್ರೆಡ್ ತಿನ್ನುತ್ತಿದ್ದ. ನಾನು ಬಂದ ಮೇಲೆ ಅವನು ಕತ್ತಲಾದ ಮೇಲೆ ತಿಂದದ್ದನ್ನು ನೋಡಿರಲಿಲ್ಲ. ನಾನು ಸುಮ್ಮನಿರಬೇಕಿತ್ತು. ಇವತ್ತೊಂದು ದಿನವಾದರೂ ಅವಳ ನಿಯಮಕ್ಕೆ ಬೆಲೆ ಕೊಡಬಹುದಿತ್ತಲ್ಲ ಎಂದುಬಿಟ್ಟೆ.

ಅವನು ತಟ್ಟೆ ಕೆಳಗಿಟ್ಟ. ಸಿಟ್ಟು ಮಾಡಲಿಲ್ಲ. ‘ಅತ್ತೆ, ಸಮತಾ ಅದನ್ನ ಬಿಟ್ಟು ಹತ್ತು ವರ್ಷ ಆಗಿತ್ತು’ ಎಂದ. ಶುರುವಿನಲ್ಲಿ ಅವಳು ರಾತ್ರಿ ಪಾಳಿಯಲ್ಲಿ ಉಪವಾಸವೇ ಕೆಲಸ ಮಾಡುತ್ತಿದ್ದಳಂತೆ. ಒಂದು ದಿನ ರೋಗಿಯನ್ನು ಎತ್ತುವಾಗ ತಲೆ ತಿರುಗಿ ಬಿದ್ದಳಂತೆ, ರೋಗಿಯೂ ಬೀಳುವುದರಲ್ಲಿದ್ದರಂತೆ. ಆವತ್ತಿನಿಂದ ತಿನ್ನಲು ಶುರುಮಾಡಿದಳು. ಆಮೇಲೆ ಇಬ್ಬರೂ ಎಲ್ಲರ ಹಾಗೆ ಏಳು ಎಂಟಕ್ಕೆ ಊಟ ಮಾಡುತ್ತಿದ್ದರು. ‘ನೀವು ಬರೋ ಹಿಂದಿನ ದಿನ ನನ್ನ ಕೂರಿಸಿಕೊಂಡು ಹೇಳಿದ್ಲು. ಅಮ್ಮ ಇರೋ ತನಕ ಇಬ್ರೂ ಹೊತ್ತಿಗೆ ಮುಂಚೆ ತಿನ್ನೋಣ. ಅವಳಿಗೆ ಗೊತ್ತಾದ್ರೆ ಪದ್ಮಣ್ಣ ಮಾವಂಗೆ ಮುಖ ತೋರಿಸೋಕಾಗಲ್ಲ ಅಂತ ಕೊರಗ್ತಾಳೆ ಅಂತ.’

ಆಮೇಲೆ ಅವನೇ ಕೇಳಿದ. ‘ನಾನಿಲ್ದಾಗ ಕತ್ತಲಾದ ಮೇಲೆ ಯಾವತ್ತಾದ್ರೂ ಏನಾದ್ರೂ ಕೇಳಿದ್ಲಾ ಅತ್ತೆ?’

ನಾನು ಇಲ್ಲ ಎಂದೆ.

ಅಣ್ಣ, ಆವತ್ತಿನ ಸಂಜೆಯ ಒಂದು ವಿಷಯವನ್ನು ಹಿಂದಿನ ಕಾಗದದಲ್ಲಿ ಬರೆದಿರಲಿಲ್ಲ. ನಾನು ಡಬ್ಬಿ ಮುಚ್ಚುವಾಗ ನರ್ಸ್ ಒಬ್ಬಳು ಬಂದು, ಬಿಸಿ ಮಾಡಿ ತರಲೇ ಎನ್ನುವ ಹಾಗೆ ಕೈ ಚಾಚಿದಳು. ಸಮತಾ ಅವಳಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ನರ್ಸ್ ನನ್ನ ಕಡೆ ಒಮ್ಮೆ ನೋಡಿ ಹೊರಟುಹೋದಳು. ಏನು ಹೇಳಿದೆ ಎಂದು ನಾನು ಕೇಳಲಿಲ್ಲ. ಈಗ ಕೇಳುವ ಅಗತ್ಯವೂ ಇಲ್ಲ.

ಪುಸ್ತಕವನ್ನು ಜಿನೇಶ್ ಓದುತ್ತಾನೆ. ಓದಿದರೆ, ಅವಳು ಕೇಳಿದ್ದಳು, ನಾನು ಕೊಡಲಿಲ್ಲ ಎಂದು ಅವನಿಗೆ ಗೊತ್ತಾಗುತ್ತದೆ. ಡಿಸೆಂಬರಿನ ನನ್ನ ಕಾಗದವನ್ನು ಹರಿದುಹಾಕು, ಇದನ್ನೂ ಹರಿದುಹಾಕು. ಅವಳು ಯಾವ ನಿಯಮವನ್ನೂ ಪಾಲಿಸುತ್ತಿರಲಿಲ್ಲ. ಅವಳಿಗೆ ಹಸಿವಾಗಿತ್ತು. ನನ್ನ ಮುಖ ನೋಡಿ ಸುಮ್ಮನಾದಳು.